ಮೂರು ವರ್ಷದ ಇಂಜೆಕ್ಷನ್

ಆ ಮನುಷ್ಯ ಅಳುತ್ತಿದ್ದಾನೆ ಅಂತಲೇ ಸಮನ್ವಿತಾ ಅಂದುಕೊಂಡಳು.

ಜಯನಗರದ ಅಲರ್ಜಿ ಕ್ಲಿನಿಕ್ಕಿನಲ್ಲಿ ಅವಳ ಎದುರಿನ ಕುರ್ಚಿಯಲ್ಲಿ ಕೂತಿದ್ದ. ಮೂವತ್ತೈದರ ಆಸುಪಾಸು. ಮೊಣಕೈ ತನಕ ಮಡಚಿದ ನೀಲಿ ಶರ್ಟು. ಕೆಂಪಾದ ಕಣ್ಣುಗಳಿಂದ ನೀರು ಇಳಿಯುತ್ತಲೇ ಇತ್ತು. ಒರೆಸಿಕೊಂಡರೆ ಮತ್ತೆ ಇಳಿಯುತ್ತಿತ್ತು. ಪಾಪ, ಮನೆಯವರಿಗೆ ಏನೋ ಆಗಿರಬೇಕು. ಅವಳು ಬ್ಯಾಗಿನಿಂದ ಟಿಶ್ಯೂ ಪ್ಯಾಕೆಟ್ ತೆಗೆದು ಅವನ ಮುಂದೆ ಹಿಡಿದಳು.

"ತಗೊಳ್ಳಿ. ಧೈರ್ಯವಾಗಿರಿ. ಒಳಗೆ ಯಾರಿದಾರೆ?"

ಅವನು ಪ್ಯಾಕೆಟ್ ತೆಗೆದುಕೊಂಡು ಒಳಗಿನ ಬಾಗಿಲಿನ ಕಡೆ ನೋಡಿದ. "ಡಾಕ್ಟರ್ ಇದಾರೆ."

"ಅಲ್ಲ, ನಿಮ್ಮ ಕಡೆಯವರು?"

"ನಮ್ಮ ಕಡೆಯವನು ನಾನೇ ಮೇಡಂ. ಬೆಳಿಗ್ಗೆ ಒಂದು ಲೋಡ್ ಜಮಖಾನ ಕೊಡವಿ ಬಂದೆ. ಧೂಳಿಗೆ ಹೀಗಾಗತ್ತೆ. ಅಳ್ತಾ ಇಲ್ಲ."

ಸಮನ್ವಿತಾಳ ಕಿವಿ ಬಿಸಿಯಾಯಿತು. ಏನಾದರೂ ಹೇಳಬೇಕು ಅಂತ ಬಾಯಿ ತೆರೆದಳು, ಬಂದದ್ದು ಸೀನು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಸೀನಿ ಸೀನಿ ಅವಳ ಕಣ್ಣಲ್ಲೂ ನೀರು ತುಂಬಿತು.

ಅವನು ಅವಳದ್ದೇ ಪ್ಯಾಕೆಟ್ಟನ್ನು ಅವಳ ಕಡೆ ಚಾಚಿದ. "ಧೈರ್ಯವಾಗಿರಿ," ಅಂದ, ತುಂಬಾ ಗಂಭೀರವಾಗಿ.

ಇಬ್ಬರಿಗೂ ನಗು ಬಂತು.

ಅವನ ಹೆಸರು ರೇವಂತ್. ಕತ್ರಿಗುಪ್ಪೆಯವನು. ಅಲ್ಲಿದ್ದ ಹೊಲವೆಲ್ಲ ಸೈಟುಗಳಾದ ಮೇಲೆ ಅವನ ಅಪ್ಪ ಚಿಕ್ಕಬೈರಪ್ಪ ಶಾಮಿಯಾನದ ಅಂಗಡಿ ಹಾಕಿದ್ದರು; ಈಗ ಅದನ್ನು ನಡೆಸುತ್ತಿದ್ದವನು ಮಗ. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲದಕ್ಕೂ ಪರದೆ, ಕುರ್ಚಿ, ಜಮಖಾನ ಅವರದ್ದೇ. ಜಮಖಾನದ ಧೂಳಿನಲ್ಲಿ ಕಣ್ಣಿಗೆ ಕಾಣದ ಹುಳು ಇರುತ್ತದೆ, ಅದೇ ತನ್ನ ಶತ್ರು ಅಂದ. ಎರಡು ವರ್ಷದಿಂದ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದ. ಇವತ್ತು ಕಣ್ಣು ತಣ್ಣಗಾದ ಮೇಲೇ ಚುಚ್ಚೋದು ಅಂತ ನರ್ಸ್ ರೇಖಾ ಕೂರಿಸಿದ್ದಳು.

"ಎರಡು ವರ್ಷ ಆದ್ಮೇಲೂ ಹೀಗಾ? ಮತ್ತೆ ಉಪಯೋಗ ಏನು?" ಸಮನ್ವಿತಾ ಕೇಳಿದಳು.

"ಮುಂಚೆ ಒಂದು ಜಮಖಾನ ಕೊಡವಿದ್ರೆ ವಾರವೆಲ್ಲ ಮಲಗ್ತಿದ್ದೆ. ಈಗ ಒಂದು ಲೋಡ್ ಕೊಡವಿ, ಸ್ವಲ್ಪ ಹೊತ್ತು ಅತ್ತು, ಊಟಕ್ಕೆ ಹೋಗ್ತೀನಿ."

ಅವಳ ಎಡಗೈ ಮೇಲೆ ಟೆಸ್ಟಿಗೆಂದು ಚುಚ್ಚಿದ ಜಾಗಗಳಲ್ಲಿ ಒಂದು ಮಾತ್ರ ಕಡುಬಿನ ಹಾಗೆ ಊದಿತ್ತು. ತುರಿಸಿಕೊಳ್ಳಬಾರದು ಅಂದಿದ್ದರು. ಅವನು ಬಗ್ಗಿ ನೋಡಿ ಅಂದ, "ಅದು ನಮ್ಮ ಹುಳಾನೇ."

"ನಮ್ಮ" ಅನ್ನುವ ಮಾತು ಅವಳಿಗೆ ಯಾಕೋ ಇಷ್ಟವಾಯಿತು.

ಡಾಕ್ಟರ್ ಶಾಂತಲಾ ಏನನ್ನೂ ಮುಚ್ಚಿಡಲಿಲ್ಲ. ಮೊದಲ ಕೆಲವು ತಿಂಗಳು ಪ್ರತಿ ವಾರ ಇಂಜೆಕ್ಷನ್, ಆಮೇಲೆ ತಿಂಗಳಿಗೊಮ್ಮೆ, ಕಡಿಮೆ ಅಂದರೂ ಮೂರು ವರ್ಷ. ಚುಚ್ಚಿಸಿಕೊಂಡಾಗಲೆಲ್ಲ ಅರ್ಧ ಗಂಟೆ ಇಲ್ಲೇ ಕೂರಬೇಕು, ಅಪರೂಪಕ್ಕೆ ಜೋರು ರಿಯಾಕ್ಷನ್ ಆಗಬಹುದು. ಸುಮಾರು ಜನಕ್ಕೆ ಚೆನ್ನಾಗಿ ಗುಣ ಸಿಗುತ್ತದೆ, ಎಲ್ಲರಿಗೂ ಅಲ್ಲ. ಬೇಡ ಅಂದರೆ ಮಾತ್ರೆ, ಸ್ಪ್ರೇ ಮುಂದುವರಿಸಬಹುದು, ಅದೂ ತಪ್ಪಲ್ಲ. "ಅರ್ಧಕ್ಕೆ ಬಿಡೋದಾದ್ರೆ ಶುರು ಮಾಡಬೇಡಿ. ಮನೇಲಿ ಯೋಚನೆ ಮಾಡಿ ಹೇಳಿ," ಅಂದರು.

ಯೋಚನೆ ಮಾಡುವುದು ಸುಲಭವಿರಲಿಲ್ಲ.

ಸಮನ್ವಿತಾಳದ್ದು ಧ್ವನಿಯ ಕೆಲಸ. ಜೆ.ಪಿ. ನಗರದ ಒಂದು ಸ್ಟುಡಿಯೋದಲ್ಲಿ ಕೂತು ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುತ್ತಿದ್ದಳು. ಸದ್ದು ಒಳಬರದಂತೆ ದಪ್ಪ ಪರದೆ, ನೆಲಕ್ಕೆ ಕಾರ್ಪೆಟ್ಟು. ಹುಳುವಿಗೆ ಅದು ಅರಮನೆ. ಎರಡು ಪುಟ ಓದುವಷ್ಟರಲ್ಲಿ ಮೂಗು ಕಟ್ಟಿ ರಾಜಕುಮಾರಿಯ ಮಾತು ನೆಗಡಿ ಹಿಡಿದ ಅಜ್ಜಿಯ ಮಾತಾಗುತ್ತಿತ್ತು. ಮಾತ್ರೆ ನುಂಗಿದರೆ ಮಂಪರು. ಇತ್ತೀಚೆಗೆ ಎದೆಯೂ ಸುಯ್‌ಗುಟ್ಟಲು ಶುರುವಾಗಿತ್ತು.

ಮನೆಯಲ್ಲಿ ಇನ್ನೊಂದು ವಿಷಯ ನಡೆಯುತ್ತಿತ್ತು. ಪುಣೆಯಲ್ಲಿ ಕೆಲಸದಲ್ಲಿದ್ದ ವಿಶ್ರುತ್ ಅನ್ನುವ ಹುಡುಗನ ಜಾತಕ ಕೂಡಿಬಂದಿತ್ತು. ಒಳ್ಳೆಯವನು. ಎರಡು ಸಲ ಫೋನಿನಲ್ಲಿ ಮಾತಾಡಿದ್ದರು; ದೂರಲು ಏನೂ ಸಿಗಲಿಲ್ಲ.

"ಮೂರು ವರ್ಷದ ಟ್ರೀಟ್‌ಮೆಂಟು ಈಗ ಯಾಕೆ ಶುರು ಮಾಡ್ತೀಯ?" ಅಪ್ಪ ಜಯಸಿಂಹ ಕೇಳಿದರು. ರಿಟೈರ್ ಆದ ಮೇಲೂ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಿದ್ದ ಹಾಗೆಯೇ ಎಲ್ಲವನ್ನೂ ನೋಡುತ್ತಿದ್ದರು. "ನಾಳೆ ಪುಣೆಗೆ ಹೋದ್ರೆ ಅರ್ಧಕ್ಕೆ ನಿಲ್ಲತ್ತೆ. ಮದುವೆ ಆಗ್ಲಿ, ಆಮೇಲೆ ಅಲ್ಲೇ ನೋಡ್ಕೊಂಡ್ರಾಯ್ತು."

"ಹುಡುಗನ ಮನೆಯವರಿಗೆ ಈಗ್ಲೇ ಹೇಳೋದೂ ಬೇಡ," ಅಂದಳು ಅಮ್ಮ ಜಯಾ. "ಸೀನು ಯಾರಿಗೆ ಬರಲ್ಲ?"

ಸಮನ್ವಿತಾ ರೂಮಿಗೆ ಹೋಗಿ ರೇವಂತ್‌ಗೆ ಮೆಸೇಜ್ ಹಾಕಿದಳು. ಡೌಟ್ ಇದ್ದರೆ ಕೇಳಿ ಅಂತ ಅವನೇ ನಂಬರ್ ಕೊಟ್ಟಿದ್ದ.

ಡೌಟುಗಳು ಬಹಳ ಇದ್ದವು. ನೋವಾಗುತ್ತಾ, ತೋಳು ಊದುತ್ತಾ, ವಾರ ತಪ್ಪಿದರೆ ಏನು ಮಾಡುತ್ತಾರೆ. ಅವನು ಒಂದೊಂದಕ್ಕೂ ನಿಧಾನವಾಗಿ ಉತ್ತರ ಬರೆಯುತ್ತಿದ್ದ. ದಿನ ಕಳೆದಂತೆ ಡೌಟುಗಳು ಇಂಜೆಕ್ಷನ್ನಿನ ದಾರಿ ಬಿಟ್ಟವು. ಊಟ ಆಯ್ತಾ. ಇವತ್ತು ಯಾರ ಮದುವೆ. ಯಾವ ಪುಸ್ತಕ ಓದ್ತಿದೀರ. ಅವಳು ರೆಕಾರ್ಡ್ ಮಾಡಿದ ಒಂದು ಕಥೆಯನ್ನು ಗೋಡೌನಿನಲ್ಲಿ ಹಾಕಿಕೊಂಡು ಕೇಳಿದೆ ಅಂದ. "ನಮ್ಮ ಅಮ್ಮ ಮುನಿಲಕ್ಷ್ಮಮ್ಮನೂ ಕೇಳ್ತಿದ್ರು; ಅವರಿಗೆ ಹೇಳಿ, ಕಥೆಯ ಆ ಸೊಸೆ ಆಮೇಲೆ ಏನಾದ್ಲು. ಕೊನೆ ಬರೋಷ್ಟರಲ್ಲಿ ಕರೆಂಟ್ ಹೋಯ್ತು."

ಒಂದು ಭಾನುವಾರ ಬೆಳಿಗ್ಗೆ ಪದ್ಮನಾಭನಗರದ ಒಂದು ದರ್ಶಿನಿಯಲ್ಲಿ ಸಿಕ್ಕರು. ನಿಂತುಕೊಂಡು ತಿನ್ನುವ ಟೇಬಲ್ಲು, ಎರಡು ಖಾಲಿ ದೋಸೆ. ಅವನ ಮೀಸೆಯ ತುದಿಗೆ ಸಾಗು ಅಂಟಿತ್ತು. ಹೇಳಬೇಕೋ ಬೇಡವೋ ಅಂತ ಅವಳು ನೋಡಿದಳು. ಅವಳು ನೋಡುತ್ತಿದ್ದಾಳೆ ಅಂತ ಅವನು ದೋಸೆ ಬಿಟ್ಟು ಅವಳನ್ನೇ ನೋಡಿದ. ಕೊನೆಗೆ ಅವಳು ತನ್ನ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅವನು ಇನ್ನೊಂದು ಬದಿ ಒರೆಸಿಕೊಂಡ.

"ಈ ಕಡೆ," ಅಂದಳು. ನಗು ತಡೆಯಲು ಆಗಲಿಲ್ಲ.

ಆಮೇಲೆ ಪುಣೆಯ ವಿಷಯ ಹೇಳಿದಳು. ಅಪ್ಪ ಅಂದದ್ದನ್ನೂ ಹೇಳಿದಳು. ಅವನು ಕಾಫಿ ಲೋಟವನ್ನು ಬಟ್ಟಲಲ್ಲಿ ಸುಮ್ಮನೆ ತಿರುಗಿಸುತ್ತ ಕೇಳಿದ.

"ಒಂದು ಮಾತು ಕೇಳ್ತೀನಿ, ನಿಜ ಹೇಳಿ," ಅಂದಳು. "ಮೂರು ವರ್ಷ ಇದಕ್ಕೆ ಕೊಡೋದು ವರ್ತ್ ಇದ್ಯಾ? ನಿಮ್ಮ ಅನುಭವದಲ್ಲಿ."

ಇಷ್ಟು ದಿನ ಎಲ್ಲದಕ್ಕೂ ಉತ್ತರವಿದ್ದ ಮನುಷ್ಯ ಲೋಟ ತಿರುಗಿಸುವುದನ್ನು ನಿಲ್ಲಿಸಿದ.

"ಇದೊಂದನ್ನ ನನ್ನ ಕೇಳಬೇಡಿ."

"ಯಾಕೆ?"

"ನೀವು ಶುರು ಮಾಡಿದ್ರೆ ಇನ್ನು ಮೂರು ವರ್ಷ ಬೆಂಗಳೂರಲ್ಲಿರ್ತೀರ. ನಂಗೆ ಅದು ಬೇಕು. ಹಂಗಾಗಿ ನಾನು ಏನು ಹೇಳಿದ್ರೂ ಅದರಲ್ಲಿ ಸ್ವಾರ್ಥ ಇರತ್ತೆ." ಲೋಟ ಕೆಳಗಿಟ್ಟ. "ಡಾಕ್ಟರನ್ನ ಕೇಳಿ. ನಿಮ್ಮ ಎದೆ ಏನು ಹೇಳತ್ತೆ ಕೇಳಿ. ನನ್ನ ಬಿಟ್ಟು ಯಾರನ್ನಾದ್ರೂ ಕೇಳಿ."

ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ಅವನು ಅವಳನ್ನು ಆಟೋ ಹತ್ತಿಸಿ, "ಹುಷಾರು" ಅಂತಷ್ಟೇ ಹೇಳಿ ಹೋದ. ಅವತ್ತಿನಿಂದ ಮೆಸೇಜೂ ನಿಂತಿತು. ತಾನು ತಳ್ಳಬಾರದು ಅಂತ ದೂರ ನಿಂತಿದ್ದಾನೆ ಅನ್ನುವುದು ಅವಳಿಗೆ ತಿಳಿಯುತ್ತಿತ್ತು. ತಿಳಿದೂ ದಿನಕ್ಕೆ ಎಷ್ಟೋ ಸಲ ಫೋನ್ ನೋಡುತ್ತಿದ್ದಳು.

ಅವನನ್ನು ಲೆಕ್ಕದಿಂದ ತೆಗೆದಿಟ್ಟೇ ಯೋಚಿಸಿದಳು. ರೇವಂತ್ ಅನ್ನುವವನು ಸಿಕ್ಕೇ ಇಲ್ಲ ಅಂದುಕೊಂಡರೆ, ಆಗಲೂ ಅವಳಿಗೆ ಏನು ಬೇಕು? ಉಸಿರು ಬೇಕು. ಒಂದು ಅಧ್ಯಾಯವನ್ನು ನಿಲ್ಲಿಸದೆ ಓದಬೇಕು. ಕನ್ನಡ ಕೇಳುವ ಊರಿನಲ್ಲಿ ಕೂತು ಓದಬೇಕು.

ವಿಶ್ರುತ್‌ಗೆ ಅವಳೇ ಫೋನ್ ಮಾಡಿ ಅಲರ್ಜಿಯ ವಿಷಯ ಹೇಳಿದಳು. ಅವನು ಬೇಸರ ಮಾಡಿಕೊಳ್ಳಲಿಲ್ಲ. "ಮಾತ್ರೆಲಿ ಹೇಗೂ ಮ್ಯಾನೇಜ್ ಆಗ್ತಿದೆಯಲ್ಲ? ಇಲ್ಲಿಗೆ ಬಂದ್ರೆ ರೆಕಾರ್ಡಿಂಗ್ ಸ್ವಲ್ಪ ಕಡಿಮೆ ಮಾಡ್ಕೊಂಡ್ರಾಯ್ತು," ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದ. ಕಡಿಮೆ ಮಾಡಿಕೊಳ್ಳುವುದು ತನಗೆ ಬೇಡ ಅಂತ ಅವಳಿಗೆ ಆ ಕ್ಷಣಕ್ಕೆ ಸ್ಪಷ್ಟವಾಯಿತು. ಅಷ್ಟೇ ಒಳ್ಳೆಯ ಮನಸ್ಸಿನಿಂದ ಮದುವೆಗೆ ಇಲ್ಲ ಅಂದಳು.

ಅಪ್ಪ ಪೇಪರ್ ಓದುತ್ತಿದ್ದಾಗ ಪಕ್ಕದಲ್ಲಿ ಕೂತಳು. "ಮೂರು ವರ್ಷ ಹೇಗಿದ್ರೂ ಕಳೆಯತ್ತಪ್ಪ. ಅದನ್ನ ಸೀನ್ತಾ ಕಳೀಬೇಕಾ ಅಂತಷ್ಟೇ ಪ್ರಶ್ನೆ."

ಜಯಸಿಂಹ ಪೇಪರ್ ಮಡಚಿದರು. ಪುಣೆಯ ವಿಷಯಕ್ಕೆ ನೋವಾಗಿತ್ತು, ಅದನ್ನು ಮುಚ್ಚಿಡಲಿಲ್ಲ. ಆದರೂ ಕೇಳಿದರು, "ಗುಣ ಆಗದೇ ಇದ್ರೆ?"

"ಒಂದು ವರ್ಷ ನೋಡಿ ಏನೂ ಬದಲಾಗಿಲ್ಲ ಅಂದ್ರೆ ಡಾಕ್ಟರೇ ನಿಲ್ಲಿಸ್ತಾರಂತೆ. ಟ್ರೈ ಮಾಡ್ದೆ ಬಿಟ್ಟೆ ಅನ್ನೋ ಬೇಜಾರಂತೂ ಇರಲ್ಲ."

"ಮೊದಲನೇ ಸಲ ಒಬ್ಬಳೇ ಹೋಗಬೇಡ," ಅಂದರು ಅವರು. ಅದು ಒಪ್ಪಿಗೆ.

"ಒಬ್ಬಳೇ ಹೋಗಲ್ಲ," ಅಂದಳು. ಹೇಳಿದ ಮೇಲೆ ಮುಖ ಕೆಂಪಾಯಿತು. ಅಪ್ಪ ಅದನ್ನು ನೋಡಿದರು. ಏನೋ ಕೇಳಲು ಹೊರಟವರು, ಮತ್ತೆ ಪೇಪರ್ ಬಿಡಿಸಿದರು.

ಶನಿವಾರ ರೇಖಾ ಅವಳ ತೋಳಿಗೆ ಸಣ್ಣ ಸೂಜಿ ಚುಚ್ಚಿದಳು. ಇರುವೆ ಕಚ್ಚಿದಷ್ಟು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ರೇವಂತ್ ಕೂತಿದ್ದ. "ಕ್ಲಿನಿಕ್ಕಿಗೆ ಬನ್ನಿ, ಇವತ್ತು ಶುರು" ಅನ್ನುವ ಅವಳ ಮೆಸೇಜ್ ನೋಡಿ, ಗೃಹಪ್ರವೇಶದ ಶಾಮಿಯಾನ ಕಟ್ಟುತ್ತಿದ್ದವನು ಕೆಲಸದವರಿಗೆ ಒಪ್ಪಿಸಿ ಬಂದಿದ್ದ. ಕೂದಲಲ್ಲಿ ಇನ್ನೂ ಸೆಣಬಿನ ಎಳೆ ಇತ್ತು.

ಅವಳು ಬಂದು ಪಕ್ಕದಲ್ಲಿ ಕೂತಳು.

"ನಿಮಗೋಸ್ಕರ ಶುರು ಮಾಡಿಲ್ಲ," ಅಂದಳು.

"ಒಳ್ಳೇದಾಯ್ತು."

"ಪುಣೆಗೆ ಇಲ್ಲ ಅಂದಿದ್ದೂ ನಿಮಗೋಸ್ಕರ ಅಲ್ಲ."

ಅವನು ತಲೆಯಾಡಿಸಿದ. ಮುಖದಲ್ಲಿ ಏನೂ ತೋರಿಸಬಾರದು ಅಂತ ಪಾಪ ತುಂಬಾ ಕಷ್ಟಪಡುತ್ತಿದ್ದ. ಕಿವಿ ಮಾತ್ರ ಮಾತು ಕೇಳದೆ ಕೆಂಪಾಗುತ್ತಿತ್ತು.

"ನಿಮ್ಮನ್ನ ಕರೆದಿದ್ದು ಮಾತ್ರ ನನಗೋಸ್ಕರ," ಅಂದಳು ಸಮನ್ವಿತಾ. "ನೀವು ಸುಮ್ಮನಾದ ಮೇಲೆ ದಿನ ಹೋಗ್ಲೇ ಇಲ್ಲ."

"ನನಗೂ," ಅಂದ. "ನಮ್ಮದು ಧೂಳಿನ ಮನೆ ಸಮನ್ವಿತಾ. ಗೋಡೌನ್ ಬಿಡೋಕಾಗಲ್ಲ, ಅಪ್ಪ ಕಟ್ಟಿದ್ದು. ನಿಮ್ಮ ಮನೇಲಿ ಒಪ್ತಾರೋ ಇಲ್ವೋ. ಇಷ್ಟ ಮಾತ್ರ ಇದೆ, ಬಹಳ ಇದೆ. ಬೇರೆ ಯಾವುದಕ್ಕೂ ನನ್ನ ಹತ್ರ ಗ್ಯಾರಂಟಿ ಇಲ್ಲ."

"ಡಾಕ್ಟರೂ ಗ್ಯಾರಂಟಿ ಕೊಡಲಿಲ್ಲ," ಅಂದಳು. "ಆದ್ರೂ ತೋಳು ಕೊಟ್ಟೆನಲ್ಲ."

ಆ ತೋಳಿನ ಮೇಲೆ ಸಣ್ಣದೊಂದು ಗುಳ್ಳೆ ಎದ್ದು ತುರಿಸುತ್ತಿತ್ತು. ಅವಳ ಇನ್ನೊಂದು ಕೈ ಅಭ್ಯಾಸದಂತೆ ಅಲ್ಲಿಗೆ ಹೋಯಿತು. ಅವನು ಆ ಕೈಯನ್ನು ನಡುವೆಯೇ ಹಿಡಿದು, ಮೆತ್ತಗೆ ತನ್ನ ಕೈಯೊಳಗೆ ಇಟ್ಟುಕೊಂಡ. ಹಗ್ಗ ಎಳೆದೂ ಎಳೆದೂ ಒರಟಾದ ಅಂಗೈ. ಬೆಚ್ಚಗಿತ್ತು. ತುರಿಕೆ ಎಲ್ಲಿ ಹೋಯಿತೋ ಅವಳಿಗೆ ತಿಳಿಯಲಿಲ್ಲ.

ರೇಖಾ ಬಂದು ತೋಳು ನೋಡಿ, "ಏನೂ ತೊಂದರೆ ಇಲ್ಲ, ಹೊರಡಬಹುದು ಮೇಡಂ. ಮುಂದಿನ ವಾರ ಬನ್ನಿ," ಅಂದಾಗಲೇ ಹೊತ್ತು ಹೋದದ್ದು ಗೊತ್ತಾಯಿತು.

ಸಮನ್ವಿತಾ ಎದ್ದಳು. ಅವನು ಇನ್ನೂ ಕೂತೇ ಇದ್ದ, ಎದ್ದರೆ ಕೈ ಬಿಡಬೇಕಲ್ಲ ಅನ್ನುವ ಹಾಗೆ.

"ನಡಿ, ಕಾಫಿ ಕುಡಿಯೋಣ," ಅಂದಳು.

ಅವನು ತಲೆಯೆತ್ತಿದ. ನಡೀರಿ ಅಂದಿರಲಿಲ್ಲ ಅವಳು.

"ಬಂದೆ," ಅಂದು ಎದ್ದ. ಕೈ ಬಿಡಲಿಲ್ಲ.