ಜೇಬು ಸೇರಿದ ಪೆನ್ಸಿಲ್

ಮಾರ್ಚ್ 14, ಗುರುವಾರ. ಬೆಳಿಗ್ಗೆ 9 ಗಂಟೆ 10 ನಿಮಿಷ.

"ಬಿಗಿಯಾಗಿ ಮುಚ್ಚಿ ಸರ್."

"ಮು... ಮುಚ್ಚಿದೀನಿ."

"ಕಣ್ಣಲ್ಲ ಸರ್, ಮುಷ್ಟಿ!"

ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕುರ್ಚಿಯ ಮೇಲೆ ಕೂತಿದ್ದವನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ರಕ್ತ ತೆಗೆಯಬೇಕಿದ್ದ ಲ್ಯಾಬಿನ ಹುಡುಗಿ ಅವನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು. ನಾಡಿ ನಿಮಿಷಕ್ಕೆ 112!

"ಸೂಜಿ ಇನ್ನೂ ಪ್ಯಾಕೆಟ್ಟಿನಲ್ಲೇ ಇದೆ ಸರ್. ಇಷ್ಟಕ್ಕೇ ಹೀಗಾ?"

"ನೋಡಿದ್ರೆ ಸಾಕು, ಜೀವ ಬಾಯಿಗೆ ಬರುತ್ತೆ."

ಅವಳಿಗೆ ನಗು ಬಂತು. ಅವನ ಗಮನ ಬೇರೆಡೆ ಸೆಳೆಯಲು ಕೇಳಿದಳು, "ಏನು ಕೆಲಸ ಮಾಡ್ತೀರಿ?"

"ಇಂಗ್ಲಿಷ್ ಹೇಳಿಕೊಡ್ತೀನಿ. ಇವತ್ತು ಸಂಜೆಯಿಂದ ನಿಮ್ಮ ಆಸ್ಪತ್ರೆಯವರಿಗೇ ಕ್ಲಾಸು."

ಈಗ ಹೆದರುವ ಸರದಿ ಅವಳದಾಯಿತು.

ಈ ಲ್ಯಾಬಿನ ವರದಿಗಳನ್ನು ಹೊರಗಿನ ವೈದ್ಯರಿಗೆ ಫೋನಿನಲ್ಲಿ ಇಂಗ್ಲಿಷಿನಲ್ಲೇ ಹೇಳಬೇಕೆಂದು ಹೊಸ ನಿಯಮ ಬಂದಿತ್ತು. ಅದಕ್ಕೊಂದು ಮಾತಿನ ಪರೀಕ್ಷೆ. ಒಮ್ಮೆ ಅವಳು ಫೇಲಾಗಿದ್ದಳು. ಇನ್ನೊಮ್ಮೆ ಫೇಲಾದರೆ ಕೆಲಸವೇ ಹೋಗುತ್ತಿತ್ತು.

*

ಪೆನ್ಸಿಲ್ ಮೇಷ್ಟ್ರು. ಮೊದಲ ದಿನವೇ ಅವನಿಗೆ ಆ ಹೆಸರು ಬಿತ್ತು.

ಓದುವಾಗ 'ಎ', 'ಆ್ಯನ್', 'ದ' ಬಿಟ್ಟರೆ ಅವನು ಬಯ್ಯುತ್ತಿರಲಿಲ್ಲ. ಪೆನ್ಸಿಲಿನಿಂದ ಮೇಜಿಗೆ ಟಕ್ ಎಂದು ಕುಟ್ಟುತ್ತಿದ್ದ. ಅಷ್ಟೇ.

ಆ ಶಬ್ದಕ್ಕೆ ಹೆದರಿ ಅವಳು ಸಿಕ್ಕಸಿಕ್ಕಲ್ಲೆಲ್ಲ 'ದ' ಸೇರಿಸತೊಡಗಿದಳು. ಟಕ್! ಟಕ್! ಟಕ್!

"ಏನೇ, ಸಾರಿಗೆ ಉಪ್ಪು ಸುರಿದ ಹಾಗೆ ಸುರೀತಿದ್ದೀಯ?" ಪಕ್ಕದಲ್ಲಿದ್ದ ಲ್ಯಾಬಿನ ಹಿರಿಯಕ್ಕ ಪಿಸುಗುಟ್ಟಿದಳು.

ಅವನು ಎದ್ದು ಅವಳ ಬಳಿ ಬಂದ. "ನಿಮ್ಮ ಡಬ್ಬದಲ್ಲಿ ನೂರು ಖಾಲಿ ಟ್ಯೂಬ್ ಇರುತ್ತೆ. ಒಂದು ಎತ್ಕೋತೀರಿ. ಯಾವುದು?"

"ಯಾವುದಾದ್ರೂ ಸರಿ..."

"ಅದು 'ಎ ಟ್ಯೂಬ್'. ಆಮೇಲೆ ಅದರ ಮೇಲೆ ಒಬ್ಬ ರೋಗಿಯ ಹೆಸರು ಅಂಟಿಸ್ತೀರಿ. ಈಗ ಅದರ ಬದಲು ಬೇರೆ ಟ್ಯೂಬ್ ಕೊಡ್ತೀರಾ?"

"ಅಯ್ಯೋ, ಪ್ರಾಣಕ್ಕೇ ಕುತ್ತು ಬರುತ್ತೆ ಸರ್!"

"ಅದೇ 'ದ ಟ್ಯೂಬ್'. ಕೇಳೋರಿಗೂ ಹೇಳೋರಿಗೂ ಯಾವುದು ಅಂತ ಗೊತ್ತು. ಇನ್ನು 'ಆ್ಯನ್' ಬೇಕಾ ಅನ್ನೋದು ಕಿವಿಗೆ ಬಿಟ್ಟಿದ್ದು. ಅಕ್ಷರ ನೋಡ್ಬೇಡಿ, ಉಚ್ಚಾರ ಸ್ವರದಿಂದ ಶುರುವಾಗುತ್ತಾ ಕೇಳಿ. 'ಆ್ಯನ್ ಅವರ್'. ಗಂಟೆ ಅನ್ನೋ 'ಅವರ್'ಗೆ ಬರೆಯೋದು 'ಎಚ್', ಕೇಳೋದು ಸ್ವರ. ನೀವು ನರ ಹುಡುಕೋದು ಕಣ್ಣಿಂದಲ್ಲ ತಾನೇ?"

"ಬೆರಳಿಂದ..."

"ಹಾಗೇ."

ಅವನು ನಕ್ಕ. ಅವಳ ಭಯ ಎಳ್ಳಷ್ಟು ಕಡಿಮೆಯಾಯಿತು. ಆದರೆ ದಿನ ಕಳೆದಂತೆ ಇನ್ನೊಂದು ಭಯ ಅದರ ಜಾಗಕ್ಕೆ ಬಂದು ಕೂತಿತು... ಸಂಜೆಯಾಗುವುದನ್ನು ನಾನೇಕೆ ಇಷ್ಟು ಕಾಯುತ್ತಿದ್ದೇನೆ?

*

ಪರೀಕ್ಷೆಗೆ ಎರಡು ದಿನ ಮೊದಲು ಆ ಘಟನೆ ನಡೆಯಿತು.

ಅವಳು ಎದ್ದು ಓದುತ್ತಿದ್ದಳು. ಒಂದು ಕಡೆ 'ದ' ಬಿಟ್ಟುಹೋಯಿತು. ಅವಳಿಗೇ ಗೊತ್ತಾಯಿತು. ಉಸಿರು ಬಿಗಿಹಿಡಿದು ಕಾದಳು.

ಟಕ್ ಎನ್ನಲಿಲ್ಲ.

ತಲೆ ಎತ್ತಿದಳು. ಅವನು ಅವಳನ್ನೇ ನೋಡುತ್ತಿದ್ದ. ತಟ್ಟನೆ ಮುಖ ತಿರುಗಿಸಿ ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡ. "ಸಾಕು, ಕೂತ್ಕೊಳ್ಳಿ" ಎಂದ.

ಮೇಷ್ಟ್ರು ಪೆನ್ಸಿಲ್ ಜೇಬಿಗೆ ಹಾಕಿದರೆ ಆ ವಿದ್ಯಾರ್ಥಿಯ ಆಸೆ ಬಿಟ್ಟರು ಎಂದೇ ಅರ್ಥ ಎಂಬುದು ಕ್ಲಾಸಿನ ನಂಬಿಕೆ. ವಾರ್ಡಿನ ಸಹಾಯಕ ಓದಿದಾಗ ಹಾಗೇ ಆಗಿತ್ತು. ಮರುದಿನದಿಂದ ಆ ಸಹಾಯಕ ಕ್ಲಾಸಿಗೆ ಬರಲೇ ಇಲ್ಲ.

'ನನ್ನನ್ನೂ ಕೈಬಿಟ್ಟರು...'

ಮನೆಯಲ್ಲಿ ಅಮ್ಮ ಕೇಳಿದಳು, "ಯಾಕೆ ಮುಖ ಸಪ್ಪಗಿದೆ?"

"ಇಂಗ್ಲಿಷ್ ಅಮ್ಮ."

"ಇಂಗ್ಲಿಷಿಗೆ ಯಾರಾದ್ರೂ ದಿಂಬು ಒದ್ದೆಯಾಗೋ ಹಾಗೆ ಅಳ್ತಾರೇನೇ?"

*

ಅವಳು ಪರೀಕ್ಷೆಯ ಕೋಣೆಗೆ ಹೋದಳು. ಮೂವರು ಪರೀಕ್ಷಕರಲ್ಲಿ ಅವನೂ ಒಬ್ಬನಾಗಿ ಇರಬೇಕಿತ್ತು. ಅವನ ಕುರ್ಚಿಯಲ್ಲಿ ಕನ್ನಡಕದ ಮೇಡಂ ಒಬ್ಬರು ಕೂತಿದ್ದರು.

'ನಾನು ಸೋಲೋದನ್ನ ನೋಡೋಕೂ ಬರಲಿಲ್ಲ!'

"ನಿಮ್ಮ ಕೆಲಸದ ಬಗ್ಗೆ ಹೇಳಿ" ಎಂದು ಮೇಡಂ ಇಂಗ್ಲಿಷಿನಲ್ಲಿ ಕೇಳಿದರು.

ಅವಳು ಕಣ್ಣು ಮುಚ್ಚಿದಳು. ಮೇಜಿನ ಕೆಳಗೆ ಬಲಗೈ ಬೆರಳನ್ನು ಎಡ ಮಣಿಕಟ್ಟಿನ ಮೇಲಿಟ್ಟಳು, ನರ ಹುಡುಕುವಾಗಿನ ಹಾಗೆ.

"ಐ ಟೇಕ್ ಎ ಟ್ಯೂಬ್..." ಎಂದು ಶುರುಮಾಡಿದಳು. "ಐ ರೈಟ್ ದ ಪೇಶೆಂಟ್ಸ್ ನೇಮ್ ಆನ್ ದ ಟ್ಯೂಬ್..."

ಎಲ್ಲೋ ಎಡವಿದಾಗ ಅವಳ ಬೆರಳೇ ಟಕ್ ಎಂದಿತು. ತಿದ್ದಿಕೊಂಡು ಮುಂದೆ ಹೋದಳು. ಭಯ ಹೋಗಲಿಲ್ಲ, ಭಯದ ಜೊತೆಗೇ ಮಾತು ಮುಗಿಯಿತು.

"ಪಾಸ್" ಎಂದರು ಮೇಡಂ. ಅವಳಿಗೆ ಕೇಳಿಸಿದ್ದು ನಿಜವೇ ಎಂದು ನಂಬಿಕೆ ಬರಲಿಲ್ಲ.

ಆಮೇಲೆ ಅವರು ಕನ್ನಡಕ ಸರಿಸಿ ಕನ್ನಡದಲ್ಲೇ ಕೇಳಿದರು, "ಅಲ್ಲಮ್ಮಾ, ನೀನು ನಿಮ್ಮ ಮೇಷ್ಟ್ರಿಗೆ ಏನಾಗಬೇಕು?"

"ನಾನಾ? ಏನೂ ಇಲ್ಲ ಮೇಡಂ..."

"ಮತ್ತೆ? ತಮ್ಮವರಿಗೆ ಯಾರೂ ಅಂಕ ಹಾಕೋ ಹಾಗಿಲ್ಲ, ಅದು ನಮ್ಮ ನಿಯಮ. ಈ ಒಬ್ಬರ ಪರೀಕ್ಷೆಗೆ ನಾನು ಕೂರಲ್ಲ ಅಂತ ಮೊನ್ನೆ ಸಂಜೆನೇ ಹೇಳಿಬಿಟ್ರು!"

*

ಅವನು ಹೊರಗೆ ಮೆಟ್ಟಿಲ ಬಳಿ ನಿಂತಿದ್ದ. ಮುಖ ಬಿಳಿಚಿತ್ತು.

"ಏನಾಯ್ತು?"

"ಪಾಸಾದೆ."

ಅವನು ಗೋಡೆಗೆ ಒರಗಿ ಉಸಿರು ಬಿಟ್ಟ.

ಅವಳು ಕೇಳಿಯೇಬಿಟ್ಟಳು. ಈ ಪ್ರಶ್ನೆಗೆ ಪರೀಕ್ಷೆಗಿಂತ ಹೆಚ್ಚು ಹೆದರಿದ್ದಳು.

"ಸರ್... ನಾನು ನಿಮಗೆ ಏನಾಗಬೇಕು?"

ಅವನು ಜೇಬಿನಿಂದ ಪೆನ್ಸಿಲ್ ತೆಗೆದು ಬೆರಳುಗಳ ನಡುವೆ ತಿರುಗಿಸಿದ.

"ಅವತ್ತು ನೀವು ತಪ್ಪಿದ್ದು ನನಗೆ ಕೇಳಿಸಲೇ ಇಲ್ಲ. ನೀವು ನಿಲ್ಲಿಸಿ ತಲೆ ಎತ್ತಿದ ಮೇಲೆ ಗೊತ್ತಾಯ್ತು. ನೀವು ಓದಿದ್ದೆಲ್ಲ ಸರಿ ಅನ್ನಿಸೋಕೆ ಶುರುವಾಗಿತ್ತು... ಇಂಥವನು ನಿಮಗೆ ಅಂಕ ಹಾಕಬಾರದು."

"ನನ್ನ ಆಸೆ ಬಿಟ್ರಿ ಅಂತ ಎರಡು ದಿನ ಅನ್ನ ಸೇರಲಿಲ್ಲ ನನಗೆ!"

"ನನಗೂ ಸೇರಲಿಲ್ಲ. ಪರೀಕ್ಷೆಗೆ ಮುಂಚೆ ಹೇಳಿ ನಿಮ್ಮ ತಲೆ ಕೆಡಿಸಬಾರದು ಅಂತ ಸುಮ್ಮನಿದ್ದೆ. ಈಗ ಹೇಳ್ತೀನಿ... ನೀವು ಒಪ್ಪಿದ್ರೆ, ನನ್ನವರಾಗಬೇಕು."

ಕಣ್ಣೀರಿನ ನಡುವೆಯೇ ಅವಳಿಗೆ ನಗು ಬಂತು. ಅವನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ನಿಂತಳು. ನಿಮಿಷ ಕಳೆದರೂ ಬಿಡಲಿಲ್ಲ.

"ಸೂಜಿ ಎಲ್ಲೂ ಇಲ್ವಲ್ಲ ಸರ್?"

"ಇಲ್ಲ..."

"ಮತ್ಯಾಕೆ ಹೀಗೆ?"

"ನೀವಿನ್ನೂ ಒಪ್ಪಿದೆ ಅಂದಿಲ್ಲ."

"ಒಪ್ಪಿದೆ" ಎಂದಳು, ಮತ್ತೆ ಮೊದಲಿಂದ ಎಣಿಸಿದಳು.

ನಾಡಿ ನಿಮಿಷಕ್ಕೆ 118.