ನೀರಿಗೂ ನೆಗಡಿ

ನನ್ನ ಮೂಗು ಫ್ರೀಜರ್‌ನೊಳಗಿತ್ತು.

ಮೈನಸ್ ಎಂಬತ್ತು ಡಿಗ್ರಿ! ಉಳಿದ ನಾನು ಹೊರಗಿದ್ದೆ. ಕತ್ತಿನ ಮೇಲೆ ಒನಕೆಯಂಥ ಕೈ...

"ಸ್ಯಾಂಪಲ್ ಡಬ್ಬ ಎಲ್ಲಯ್ಯಾ?"

"ನಿಮ್ಮಜ್ಜಿ ಟ್ರಂಕಲ್ಲಿ!"

ಮೂಗು ಇನ್ನೊಂದಿಂಚು ಒಳಗೆ ಹೋಯಿತು.

ತಾಳಿ, ಮೊದಲಿನಿಂದ ಹೇಳುತ್ತೇನೆ. ಆಸ್ಪತ್ರೆ ಲ್ಯಾಬುಗಳಲ್ಲಿ ಎಡವಟ್ಟು ಎಲ್ಲಾಯಿತೆಂದು ಹುಡುಕುವುದು ನನ್ನ ಕಸುಬು. ಒಂಬತ್ತನೇ ವಾರ್ಡಿನಲ್ಲಿ ಹನ್ನೊಂದು ಜನ ಉಸಿರಿಗಾಗಿ ಒದ್ದಾಡುತ್ತಿದ್ದರು. ವೈರಸ್ ಪತ್ತೆಯ ಕಿಟ್ ಮಾರುವ ಕಂಪನಿಯ ಟೆಸ್ಟು 'ವೈರಸ್ ಇಲ್ಲ' ಎಂದಿತ್ತು. ನಾಲ್ಕು ಗಂಟೆಗೆ ಅವರನ್ನೆಲ್ಲ ಜನರಲ್ ವಾರ್ಡಿಗೆ ಸಾಗಿಸುವುದೆಂದು ತೀರ್ಮಾನವಾಗಿತ್ತು.

ಜನರಲ್ ವಾರ್ಡಿನ ನರ್ಸ್ ನನ್ನ ಮಗಳು. ಆರು ತಿಂಗಳ ಬಸುರಿ.

ಲ್ಯಾಬಿನ ಡಾಕ್ಟ್ರಮ್ಮ ಆ ಕಿಟ್ಟನ್ನು ನಂಬಲಿಲ್ಲ.

"ಅದು ಒಂದೇ ವೈರಸ್ಸಿನ ಮುಖ ಹುಡುಕತ್ತೆ ಕಣ್ರೀ. ಅದರ ಚಿಕ್ಕಪ್ಪನ ಮಗ ಬಂದ್ರೆ ಸಲಾಮ್ ಹೊಡೆದು ಒಳಗೆ ಬಿಡತ್ತೆ!"

"ನಿಮ್ಮ ಟೆಸ್ಟು?"

"ಇಡೀ ವಂಶಕ್ಕೆ ಒಂದೇ ಮೂಗು ಇರತ್ತಲ್ಲ, ಅದನ್ನ ಹಿಡಿಯತ್ತೆ. ಜೀನ್‌ನಲ್ಲಿ ಆ ಭಾಗ ಕೆಟ್ಟರೆ ವೈರಸ್ಸೇ ಬದುಕಲ್ಲ. ಅಲ್ಲೊಂದು ಇಲ್ಲೊಂದು ಅಕ್ಷರ ಹೆಚ್ಚುಕಮ್ಮಿ ಆದ್ರೂ ಕಚ್ಚಿಕೊಳ್ಳೋ ಹಾಗೆ ಮಾಡಿದೀನಿ."

ಕಚ್ಚಿತು! ಹನ್ನೊಂದೂ ಪಾಸಿಟಿವ್.

ತಾಳೆ ನೋಡಲು ಇಟ್ಟಿದ್ದ ಬರೀ ನೀರೂ ಪಾಸಿಟಿವ್... ಇಂಥ ಟೆಸ್ಟು ನಂಬಿ ಸಾಗಣೆ ನಿಲ್ಲಿಸುವುದಿಲ್ಲ ಎಂದಿತು ಆಸ್ಪತ್ರೆ.

ಯಾಕೆಂದು ಹುಡುಕಲು ಡಾಕ್ಟ್ರಮ್ಮ ನನ್ನನ್ನು ಕರೆಸಿದ್ದರು. ಕಿಟ್ ಕಂಪನಿಯ ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ನೀರಿಗೂ ನೆಗಡಿನಾ ಡಾಕ್ಟ್ರಮ್ಮಾ? ಪಾಪ, ಒಂದು ಗುಳಿಗೆ ಕೊಡಿ!"

ನಾನು ನಗಲಿಲ್ಲ. ಅವನ ಕೋಟು ನೋಡುತ್ತಿದ್ದೆ. ನೀಲಿ.

ಲ್ಯಾಬಿನಲ್ಲಿ ಎರಡು ಕೋಣೆ. ಬಿಳಿ ಕೋಟಿನ ಕೋಣೆಯಲ್ಲಿ ಟೆಸ್ಟಿನ ದ್ರವ ಕಲಸುತ್ತಾರೆ. ನೀಲಿ ಕೋಟಿನ ಕೋಣೆಯಲ್ಲಿ ಯಂತ್ರ ಜೀನ್‌ನ ಒಂದು ಚೂರನ್ನು ಕೋಟಿ ಕೋಟಿ ಮಾಡುತ್ತದೆ. ನೀಲಿ ಕೋಟು ಬಿಳಿ ಕೋಣೆಗೆ ಕಾಲಿಡಕೂಡದು. ಇಟ್ಟರೆ ಆ ಚೂರುಗಳು ಧೂಳಿನಂತೆ ಉದುರಿ ನೀರನ್ನೂ ಬಿಡುವುದಿಲ್ಲ.

"ಸಾರ್, ಬೆಳಿಗ್ಗೆ ಈ ಕೋಟಲ್ಲೇ ಬಿಳಿ ರೂಮಿಗೆ ಹೋಗಿದ್ರಾ?"

"ಹೋದೆ! ಇವರಿಗೆ ಉಗಿಯೋಕೆ ಹೋದೆ. ಕೈಗೆ ಸಿಕ್ಕಿದ್ದು ತೊಟ್ಟೆ. ಏನೀಗ?"

ಡಾಕ್ಟ್ರಮ್ಮ ಹಣೆ ಚಚ್ಚಿಕೊಂಡರು. ಅವನ ನಗು ನಿಂತಿತು. ಪೆದ್ದನೇನಲ್ಲ. ಬೇರೆ ಕಡೆ ಮತ್ತೆ ಟೆಸ್ಟ್ ಮಾಡಿದರೆ ಕಿಟ್ಟಿನ ಮಾನ ಮೂರಾಬಟ್ಟೆ! ಸ್ಯಾಂಪಲ್ ಸುಟ್ಟುಹಾಕಲು ತನ್ನ ಪೈಲ್ವಾನನಿಗೆ ಫೋನ್ ಮಾಡುತ್ತ ಹೊರಟ.

"ಎದುರುಗಡೆ ಬಿಲ್ಡಿಂಗಲ್ಲಿ ನನ್ನ ಗೆಳತಿ ಲ್ಯಾಬಿದೆ," ಡಾಕ್ಟ್ರಮ್ಮ ಡಬ್ಬ ಎತ್ತಿಕೊಂಡರು. "ಅವನ ಕಡೆಯವರನ್ನ ಎರಡು ಗಂಟೆ ತಡೀತೀರಾ?"

"ಹಿಂದಿನ ಮೆಟ್ಟಿಲಲ್ಲಿ ಹೋಗಿ!"

ಒಳಗಿನಿಂದ ಬೀಗ ಜಡಿದೆ. ಬಾಗಿಲು ಒಂದೂವರೆ ಗಂಟೆ ತಡೆಯಿತು. ಆಮೇಲೆ ಪೈಲ್ವಾನ್ ಬಾಗಿಲು ಮುರಿದ. ನನ್ನ ಮೂಗು ಫ್ರೀಜರ್‌ಗೆ ಹೋದದ್ದು ಹೀಗೆ.

ಅವನ ಮೊಣಕಾಲಿಗೆ ಹಿಂದಕ್ಕೆ ಒದ್ದೆ! ಮುಗ್ಗರಿಸಿದವನು ಬೆವರಿದ ಅಂಗೈಯನ್ನು ಫ್ರೀಜರ್‌ನ ಕಬ್ಬಿಣದ ತಟ್ಟೆಗೆ ಊರಿದ. ಅಂಟಿಕೊಂಡಿತು.

"ಅಯ್ಯೋ! ಬಿಡಿಸೋ!"

"ಉಗುರುಬೆಚ್ಚಗಿನ ನೀರು ಹಾಕು. ಎಳೀಬೇಡ, ಚರ್ಮ ಬರತ್ತೆ."

ಓಡಿದೆ. ಮೂರು ಮಹಡಿ. ಗಡಿಯಾರದಲ್ಲಿ ಮೂರು ಐವತ್ತೆರಡು...

ಒಂಬತ್ತನೇ ವಾರ್ಡಿನ ಗಾಜಿನ ಬಾಗಿಲಾಚೆ ಮ್ಯಾನೇಜರ್! ಮಾಸ್ಕ್ ಇಲ್ಲ. ರೋಗಿಗಳ ಹೆಗಲ ಮೇಲೆ ಕೈ ಹಾಕಿ, ಹಲ್ಲು ಕಿರಿದು, ಕಿಟ್ಟಿನ ಜಾಹೀರಾತಿಗೆ ತಾನೇ ಫೋಟೋ ತೆಗೆದುಕೊಳ್ಳುತ್ತಿದ್ದ. ಈಚೆ ನನ್ನ ಮಗಳು ಹನ್ನೊಂದು ಜನರನ್ನು ಕರೆದೊಯ್ಯಲು ಚಿಲಕಕ್ಕೆ ಕೈ ಹಾಕಿದ್ದಳು.

"ತೆಗೀಬೇಡ!"

"ಅಪ್ಪಾ? ಮೂಗಿಗೇನಾಯ್ತು?"

ಫೋನ್ ಬಡಿದುಕೊಂಡಿತು. ಡಾಕ್ಟ್ರಮ್ಮ.

"ಹನ್ನೊಂದರಲ್ಲಿ ಹತ್ತು ನಿಜವಾಗ್ಲೂ ಪಾಸಿಟಿವ್! ಅದೇ ವಂಶ ಕಣ್ರೀ, ಹೊಸ ಮುಖ!"

"ನೀರು?"

"ತೆಪ್ಪಗಿದೆ!"

ಮಗಳು ಕೇಳಿಸಿಕೊಂಡವಳೇ ಬಾಗಿಲಿಗೆ ಬೀಗ ಹಾಕಿ, ಮಾಸ್ಕ್ ಏರಿಸಿ, ಎರಡು ಹೆಜ್ಜೆ ಹಿಂದೆ ಸರಿದಳು. ನಾನು ಅವಳ ಮುಂದೆ ನಿಂತು ಫಲಿತಾಂಶವನ್ನು ಗಾಜಿನಾಚೆಗೆ ಕೂಗಿ ಹೇಳಿದೆ.

ಮ್ಯಾನೇಜರ್‌ನ ಕೈ ರೋಗಿಯ ಹೆಗಲಿಂದ ಜಾರಿತು. ಬಂದು ಗಾಜಿಗೆ ಅಂಟಿಕೊಂಡ.

"ನನಗೂ ಟೆಸ್ಟ್ ಮಾಡ್ರಮ್ಮಾ! ಈಗಲೇ!"

ಮಗಳು ಟ್ರಾಲಿಯಿಂದ ಅವನದೇ ಕಂಪನಿಯ ಕಿಟ್ ಎತ್ತಿ ತೋರಿಸಿದಳು.

"ಅದು ಬೇಡ ತಾಯೀ! ಡಾಕ್ಟ್ರಮ್ಮಂದು!"

ಒಂದು ಮಾಲಿನ ಬಗ್ಗೆ ಅದರ ಮ್ಯಾನೇಜರ್ ನಿಜ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.