ಎಂಜಿನ್ ನಿಲ್ಲಿಸಿದ ಆ ಹೊತ್ತು

"ನಮ್ಮಪ್ಪ ಸತ್ತಿದ್ದು ನಿಮ್ಮ ದೋಣಿಯಲ್ಲೇ ಅಲ್ವಾ?"

ಹ್ಯಾಡಕ್ ಮೀನು ಸೀಳುತ್ತಿದ್ದ ಡೆಲ್ಫಿನಾಳ ಚಾಕು ಮೂಳೆಯ ಮೇಲೆ ಗಕ್ಕನೆ ನಿಂತಿತು. ತಲೆಯೆತ್ತಿ ನೋಡಿದಳು. ಬಂದರಿನ ಕಟ್ಟೆಯ ಮೇಲೆ ಎತ್ತರದ ಗಂಡಸೊಬ್ಬ ನಿಂತಿದ್ದ. ಅದೇ ಹಣೆ... ಅದೇ ಹುಬ್ಬು... ಹೆಸರು ಕೇಳುವ ಅಗತ್ಯವೇ ಇರಲಿಲ್ಲ.

"ನೀವು... ಹೋರೆಸ್ ಪಿಂಕಮ್ ಅವರ ಮಗ."

"ಆಮೋಸ್. ಒಂದೇ ಒಂದು ಪ್ರಶ್ನೆ ಕೇಳೋಕೆ ಬಂದಿದೀನಿ. ನಮ್ಮಪ್ಪ ಎದೆ ಹಿಡ್ಕೊಂಡು ಬಿದ್ದಿದ್ರು. ನೀವು ದಡಕ್ಕೆ ಓಡಬೇಕಾಗಿತ್ತು. ಅರ್ಧ ದಾರೀಲಿ ಎಂಜಿನ್ ಯಾಕೆ ನಿಲ್ಲಿಸಿದ್ರಿ?"

ಡೆಲ್ಫಿನಾ ಚಾಕು ಕೆಳಗಿಟ್ಟಳು.

"ಅದನ್ನ ನಾನು ಹೇಳೋ ಹಾಗಿಲ್ಲ. ಕ್ಷಮಿಸಿ."

"ಹೇಳೋ ಹಾಗಿಲ್ವಾ? ಸತ್ತಿದ್ದು ನಮ್ಮಪ್ಪ ಕಣ್ರೀ!"

ಅವನ ದನಿಗೆ ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಡೆಲ್ಫಿನಾ ತಲೆ ತಗ್ಗಿಸಿ ಮತ್ತೆ ಚಾಕು ಹಿಡಿದಳು.

ಡೆಲ್ಫಿನಾ ಫುರ್ಟಾಡೊ ಆ ಪುಟ್ಟ ಬಂದರಿನಲ್ಲಿ 'ಸಾಂತಾ ಇನೆಸ್' ದೋಣಿಯ ನಾಯಕಿ. ಕಾಡ್, ಹ್ಯಾಡಕ್ ಮೀನು ಹಿಡಿಯುವ ಆಸೆಯಿಂದ ಊರೂರುಗಳಿಂದ ಬರುವವರನ್ನು ಬೆಳಿಗ್ಗೆ ಕಡಲಿಗೆ ಕರೆದೊಯ್ದು, ಸಂಜೆ ಸುರಕ್ಷಿತವಾಗಿ ಮರಳಿಸುವುದು ಅವಳ ಕಸುಬು. ಕಳೆದ ಶರತ್ಕಾಲದಲ್ಲಿ ಮಾತ್ರ ಒಂಟಿಯಾಗಿ ಬಂದಿದ್ದ ಹಿರಿಯರೊಬ್ಬರನ್ನು ಜೀವಂತವಾಗಿ ಮರಳಿಸಲಾಗಲಿಲ್ಲ. ವಿಚಾರಣೆಯಾಯಿತು; ಅರ್ಧ ದಾರಿಯಲ್ಲಿ ಎಂಜಿನ್ ನಿಲ್ಲಿಸಿದ್ದು ವರದಿಯಲ್ಲಿ ದಾಖಲಾಯಿತು. ಆ ಹೃದಯ ಆಸ್ಪತ್ರೆ ತಲುಪಿದ್ದರೂ ಉಳಿಯುತ್ತಿರಲಿಲ್ಲ ಎಂದು ವೈದ್ಯರು ಹೇಳಿದರು. ಕರಾವಳಿ ಕಾವಲು ಪಡೆಯವರು ಅವಳದೇನೂ ತಪ್ಪಿಲ್ಲ ಎಂದರು.

ಆದರೆ ಎಂಜಿನ್ ನಿಲ್ಲಿಸಿದ್ದೇಕೆ ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆಗ ಚುಕ್ಕಾಣಿ ಹಿಡಿದಿದ್ದ ಅವಳ ಸೋದರಮಾವ ಜುವೆನಾಲ್‌ಗೂ ಕೂಡ!

"ಏಯ್ ಹುಡುಗಾ," ಜುವೆನಾಲ್ ಹಗ್ಗದ ಸುರುಳಿಯ ಮೇಲಿಂದಲೇ ಕೂಗಿದ. "ನೋಡೋಕೆ ಗಟ್ಟಿಮುಟ್ಟಾಗಿದೀಯ. ನನ್ನ ಮಂಡಿ ಕೈಕೊಟ್ಟು ಕೂತಿದೆ. ಇಲ್ಲಿ ನಿಂತು ಗಂಟಲು ಹರ್ಕೊಳ್ಳೋ ಬದ್ಲು ದೋಣಿ ಹತ್ತು. ಅವಳು ಎಂಥವಳು ಅಂತ ನಿನ್ನ ಕಣ್ಣಲ್ಲೇ ನೋಡು."

"ಮಾವ! ಏನಿದು?"

"ಸುಮ್ನಿರೇ ತಾಯಿ. ಕಡಲು ಹೇಳುತ್ತೆ ಅವನಿಗೆ."

ಆಮೋಸ್ ಹಲ್ಲು ಕಚ್ಚಿ ನಿಂತ. ಆಮೇಲೆ, "ಸರಿ, ಬರ್ತೀನಿ" ಎಂದ. ಆ ಒಪ್ಪಿಗೆಯಲ್ಲಿ ಸ್ನೇಹ ಎಳ್ಳಷ್ಟೂ ಇರಲಿಲ್ಲ.

ಒಳನಾಡಿನಲ್ಲಿ ಬಾಗಿಲು ಕಿಟಕಿ ಮಾಡುವ ಬಡಗಿ ಅವನು. ಮೊದಲ ದಿನವೇ ದೋಣಿಯ ಅಂಚಿಗೆ ಬಾಗಿ ಕಡಲಿಗೆ ವಾಂತಿ ಮಾಡಿಕೊಂಡ.

"ನಿನ್ನ ತಿಂಡಿ ಮೀನಿಗೆ ಹಾಕಿದ್ದು ಸಾಕು ಮಾರಾಯ," ಜುವೆನಾಲ್ ಚುಕ್ಕಾಣಿಯಿಂದ ಕೂಗಿದ. "ಈಗ ಗಾಳಕ್ಕೆ ಚಿಪ್ಪುಮೀನು ಸಿಗಿಸು!"

ಡೆಲ್ಫಿನಾ ಒಣ ಬಿಸ್ಕತ್ತು ತಂದು ಅವನ ಪಕ್ಕ ಇಟ್ಟು ಹೋದಳು. ಅವನು ಮುಟ್ಟಲಿಲ್ಲ. ಅವಳು ಬೆನ್ನು ತಿರುಗಿಸಿದ ಮೇಲೆ ತಿಂದ.

ದಿನಗಳು ಕಳೆದವು. ಆಮೋಸ್ ಅವಳನ್ನು ಬಿಡದೆ ಗಮನಿಸುತ್ತಿದ್ದ. ಕಾನೂನಿನ ಪ್ರಕಾರ ಆ ತಿಂಗಳಲ್ಲಿ ಹ್ಯಾಡಕ್ ಇಟ್ಟುಕೊಳ್ಳಬಹುದಿತ್ತು, ಕಾಡ್ ಸಿಕ್ಕರೆ ಬಿಡಬೇಕಿತ್ತು. ಮೀನಿನ ಮೈಗೆ ಗಾಯವಾಗದಂತೆ ಅವಳು ಕೈ ಒದ್ದೆ ಮಾಡಿಕೊಂಡೇ ಕಾಡ್ ಮುಟ್ಟುತ್ತಿದ್ದಳು, ಗಾಳ ಬಿಡಿಸಿ ತಲೆ ಕೆಳಗಾಗಿ ನೀರಿಗೆ ಜಾರಿಸುತ್ತಿದ್ದಳು. ಒಮ್ಮೆ ದಪ್ಪ ಗಡ್ಡದವನೊಬ್ಬ ದೊಡ್ಡ ಕಾಡ್ ಮೀನನ್ನು ಚೀಲಕ್ಕೆ ತುರುಕಿಕೊಂಡ.

"ಅದನ್ನ ಹೊರಗೆ ತೆಗೀರಿ."

"ಒಂದೇ ಒಂದಲ್ವೇನಮ್ಮಾ! ಯಾರು ನೋಡ್ತಾರೆ?"

"ನಾನು ನೋಡಿದ್ನಲ್ಲ."

ಅವನು ಗೊಣಗುತ್ತಲೇ ಮೀನು ಬಿಟ್ಟ. ಮೀನು ಒಮ್ಮೆ ಬಾಲ ಬಡಿದು ಹಸಿರು ನೀರಿನಲ್ಲಿ ಇಳಿದುಹೋಯಿತು. ಅದನ್ನು ಕಂಡು ಅವಳ ಮುಖದಲ್ಲಿ ಮೂಡಿದ ನಗು ಆಮೋಸ್‌ನ ಎದೆಗೆ ನಾಟಿತು.

*ಇಂಥವಳು ನಮ್ಮಪ್ಪನನ್ನ ಸಾಯೋಕೆ ಬಿಟ್ಟಳಾ?*

ಮರುದಿನ ಬೆಳಿಗ್ಗೆ ಡೆಲ್ಫಿನಾ ಬಂದು ನೋಡಿದರೆ, ವರ್ಷಗಳಿಂದ ಗಡಗಡ ಎನ್ನುತ್ತಿದ್ದ ಕ್ಯಾಬಿನ್ ಕಿಟಕಿಗೆ ಹೊಸ ಚೌಕಟ್ಟು ಕೂತಿತ್ತು! ಆಮೋಸ್ ಏನೂ ಅರಿಯದವನಂತೆ ಡೆಕ್ ತೊಳೆಯುತ್ತಿದ್ದ.

"ಕಿಟಕಿ..."

"ಶಬ್ದ ಕೇಳಿ ಕೇಳಿ ತಲೆನೋವು ಬಂದಿತ್ತು. ಅಷ್ಟೇ."

ಅವಳು ನಕ್ಕಳು. ಅವನೂ ನಕ್ಕ. ಆ ನಗು ಕಂಡು ಡೆಲ್ಫಿನಾಗೆ ಭಯವಾಯಿತು. *ಬೇಡ... ಇವನನ್ನು ಪ್ರೀತಿಸಬಾರದು. ನನ್ನ ಬಾಯಿಗೆ ಬೀಗ ಇರುವಾಗ ಇವನಿಗೆ ನಾನೇನು ಕೊಡಬಲ್ಲೆ?*

ಆದರೆ ಮನಸ್ಸು ಕೇಳಬೇಕಲ್ಲ!

ಗಾಳಿ ಜೋರಾಗಿದ್ದರಿಂದ ಪ್ರಯಾಣ ರದ್ದಾದ ಒಂದು ಮಧ್ಯಾಹ್ನ, ಇಬ್ಬರೂ ಕ್ಯಾಬಿನ್‌ನಲ್ಲಿ ಕೂತು ಜುವೆನಾಲ್ ಮಾಡಿದ ಸೊಪ್ಪಿನ ಸೂಪು ಕುಡಿಯುತ್ತಿದ್ದರು. ಆಮೋಸ್ ಬಟ್ಟಲು ಕೆಳಗಿಟ್ಟ.

"ನೀವಂದ್ರೆ ನನಗೆ ಇಷ್ಟ ಆಗಿದೆ ಡೆಲ್ಫಿನಾ. ಸುಳ್ಳು ಹೇಳಲ್ಲ. ಆದ್ರೆ ಅದೊಂದು ವಿಷಯ ಗೊತ್ತಾಗದೆ ನಿಮ್ಮ ಕೈ ಹೇಗೆ ಹಿಡೀಲಿ? ಪ್ರತಿ ಸಲ ನಿಮ್ಮ ಮುಖ ನೋಡಿದಾಗ್ಲೂ ನಮ್ಮಪ್ಪ ಅಡ್ಡ ಬರ್ತಾರೆ."

ಅವಳ ಕಣ್ಣು ತುಂಬಿತು.

"ಮಾತು ಕೊಟ್ಟಿದೀನಿ ಆಮೋಸ್."

"ಯಾರಿಗೆ?"

ಅವಳು ಮುಖ ತಿರುಗಿಸಿದಳು.

"ಹಾಗಾದ್ರೆ ನಾಳೆ ಬೆಳಗಿನ ಬಸ್ಸಿಗೆ ಹೊರಡ್ತೀನಿ," ಎಂದು ಅವನು ಎದ್ದ.

ಅವನು ಹೋದ ಮೇಲೆ ಡೆಲ್ಫಿನಾ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಕುಂಟುತ್ತಾ ಒಳಗೆ ಬಂದ ಜುವೆನಾಲ್ ಅವಳ ಬೆನ್ನ ಮೇಲೆ ಕೈಯಿಟ್ಟ.

"ಆ ಮುದುಕ ನಿನ್ನ ಕಿವೀಲಿ ಏನು ಹೇಳ್ದ ಅಂತ ನಂಗೊತ್ತಿಲ್ಲ. ಕೇಳೋದೂ ಇಲ್ಲ. ಆದ್ರೆ ಸತ್ತವನ ಮಾನ ಕಾಯ್ತಾ ಬದುಕಿರೋನನ್ನ ಕೊಲ್ತಿದೀಯ. ಅದಾದ್ರೂ ಗೊತ್ತಾ?"

ಅವಳು ಕಣ್ಣೊರೆಸಿಕೊಂಡು ಎದ್ದಳು.

ಬೆಳಿಗ್ಗೆ ಆಮೋಸ್ ತಾನು ತೊಡುತ್ತಿದ್ದ ಮಳೆಯಂಗಿಯನ್ನು ಹಿಂತಿರುಗಿಸಲು ಬಂದ. ಗಾಳಿ ಇಳಿದಿತ್ತು. ಅಂಗಿಯನ್ನು ದೋಣಿಯ ಅಂಚಿನ ಮೇಲೆ ಮಡಿಸಿಟ್ಟು ತಿರುಗಿದ.

"ನಿಲ್ಲಿ!"

ಡೆಲ್ಫಿನಾಳ ದನಿ ಒಡೆದಿತ್ತು.

"ಅವರೇ ನಿಲ್ಲಿಸು ಅಂದ್ರು. ನಿಮ್ಮಪ್ಪ."

ಆಮೋಸ್ ಕಲ್ಲಾಗಿ ನಿಂತ.

"ಹೆಲಿಕಾಪ್ಟರ್ ಕಳಿಸಿ ಅಂತ ರೇಡಿಯೋದಲ್ಲಿ ಕೇಳಿದ್ವಿ. ಹೊರಟಿತ್ತು, ಆದ್ರೆ ದೂರ ಇತ್ತು. ಪೂರ್ತಿ ವೇಗದಲ್ಲಿ ದಡಕ್ಕೆ ಬರ್ತಿದ್ವಿ. ಅಲೆ ಬಡಿದಾಗೆಲ್ಲ ಅವರು ನೋವಿಗೆ ಕಿರುಚ್ತಿದ್ರು. ತಲೆ ನನ್ನ ಮಡಿಲಲ್ಲಿತ್ತು. ನನ್ನ ತೋಳು ಹಿಡ್ಕೊಂಡು, 'ಈ ಬಡಿತ ತಡೆಯೋಕಾಗ್ತಿಲ್ಲ ಮಗಳೇ, ನಿಲ್ಲಿಸು' ಅಂದ್ರು. ನಾಡಿ ನೋಡಿದೆ... ಇತ್ತೋ ಇಲ್ವೋ ಅನ್ನೋ ಹಾಗಿತ್ತು. ದಡ ಸಿಗಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ನಿಲ್ಲಿಸು ಅಂತ ಮಾವನಿಗೆ ಕೂಗಿದೆ."

"ಇಷ್ಟೇನಾ? ಇದನ್ನ ಹೇಳೋಕೆ ಏನಾಗಿತ್ತು ನಿಮಗೆ?"

"ಇಷ್ಟೇ ಅಲ್ಲ." ಅವಳು ಉಸಿರೆಳೆದುಕೊಂಡಳು. "ಆಮೇಲೆ ಅವರು ಅತ್ರು. ಮಾವನಿಗೂ ಕೇಳಿಸದ ಹಾಗೆ ನನ್ನ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿಬಿಕ್ಕಿ ಅತ್ರು ಆಮೋಸ್. 'ಭಯ ಆಗ್ತಿದೆ, ಬಿಡಬೇಡ' ಅಂದ್ರು. ನಿಮ್ಮ ಅಮ್ಮನ ಹೆಸರು ಕರೆದ್ರು. ನಿಮ್ಮ ಹೆಸರು ಕರೆದ್ರು. ಕೊನೆಗೆ, 'ನಾನು ಅತ್ತಿದ್ದು ನನ್ನ ಹುಡುಗನಿಗೆ ಹೇಳಬೇಡ, ಅವನ ಕಣ್ಣಲ್ಲಿ ನಾನು ಗಟ್ಟಿ ಮನುಷ್ಯ' ಅಂದ್ರು. ಹೇಳಲ್ಲ ಅಂದೆ. ನಿಲ್ಲಿಸಿದ್ದು ಯಾಕೆ ಅಂತ ಬಾಯಿ ಬಿಟ್ಟಿದ್ರೆ ಇದೂ ಹೊರಗೆ ಬರ್ತಿತ್ತು... ಇವತ್ತು ಆ ಮಾತು ಮುರಿದೆ."

ಆಮೋಸ್ ಹಾಗೇ ಕಟ್ಟೆಯ ಅಂಚಿನಲ್ಲಿ ಕುಸಿದು ಕೂತ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಅಮ್ಮ ಸತ್ತಾಗ ಅಪ್ಪ ಒಂದು ಹನಿ ಕಣ್ಣೀರು ಹಾಕಲಿಲ್ಲ," ಎಂದ ಬೆರಳುಗಳ ಸಂದಿನಿಂದ. "ಎಲ್ಲರ ಮುಂದೆ ನಾನು, 'ನೀನು ಕಲ್ಲು, ನಿನಗೆ ಎದೆನೇ ಇಲ್ಲ' ಅಂದೆ. ಆಮೇಲೆ ಅವರ ಜೊತೆ ಮಾತಾಡಲೇ ಇಲ್ಲ. ಗಟ್ಟಿ ಮನುಷ್ಯ ಅಂತೆ! ನನಗೆ ಅವರು ಅಳೋದು ಬೇಕಿತ್ತು ಡೆಲ್ಫಿನಾ... ಬರೀ ಒಂದು ಸಲ..."

ಮುಂದಿನ ಮಾತು ಬಿಕ್ಕಿನಲ್ಲಿ ಮುಳುಗಿತು.

ಡೆಲ್ಫಿನಾ ದೋಣಿಯಿಂದ ಕಟ್ಟೆಗೆ ದಾಟಿ ಪಕ್ಕದಲ್ಲಿ ಕೂತಳು. ಅವನ ತಲೆಯನ್ನು ಭುಜಕ್ಕೆ ಒರಗಿಸಿಕೊಂಡಳು. ದಾರಿಯಲ್ಲಿ ಬಸ್ಸು ಹಾರನ್ ಹಾಕಿ ಕಾದು, ಹೊರಟುಹೋಯಿತು. ಇಬ್ಬರೂ ಕದಲಲಿಲ್ಲ.

"ಕೊನೇಲಿ... ನೋವಿತ್ತಾ?"

"ಇಲ್ಲ. ನಿಂತ ನೀರಿನ ಹಾಗೆ ಶಾಂತವಾಗಿದ್ರು. ನನ್ನ ಬೆರಳು ಹಿಡ್ಕೊಂಡೇ ಇದ್ರು. ಬಿಡಿಸ್ಕೊಳ್ಳೋಕೆ ನನಗೆ ಮನಸ್ಸಾಗಲಿಲ್ಲ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಇಷ್ಟು ದಿನ ಅಡ್ಡ ಬರುತ್ತಿದ್ದ ಮುಖ ಇಂದು ಅಡ್ಡ ಬರಲಿಲ್ಲ.

"ಕೆಟ್ಟವರು ಅನ್ನಿಸ್ಕೊಂಡು ನೀವೊಬ್ಬರೇ ಇದನ್ನೆಲ್ಲ ಹೊತ್ಕೊಂಡಿದ್ರಿ. ನಾನು ಊರ ಮುಂದೆ ಕೂಗಾಡಿದಾಗ್ಲೂ!"

"ಅವರಿಗೆ ಬೇರೆ ಯಾರಿದ್ರು ಆಗ?"

ಆಮೋಸ್ ಅವಳ ಒರಟು ಅಂಗೈಯನ್ನು ತನ್ನ ಎರಡೂ ಕೈಗಳ ನಡುವೆ ತೆಗೆದುಕೊಂಡ.

"ನಾನು ಹೋಗಲ್ಲ ಡೆಲ್ಫಿನಾ. ನೀನು ಒಪ್ಕೊಂಡ್ರೆ ಇಲ್ಲೇ ಇರ್ತೀನಿ."

"ನನ್ನ ಜೊತೆ ಸುಲಭ ಅಲ್ಲ. ಕೋಳಿ ಕೂಗೋ ಮುಂಚೆ ಏಳ್ಬೇಕು. ಮೈಯೆಲ್ಲ ಮೀನಿನ ವಾಸನೆ..."

"ನನ್ನ ಮೂಗು ಯಾವಾಗ್ಲೋ ಸೋತಿದೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ತಟ್ಟನೆ ಏನೋ ಹೊಳೆದು ಅವನ ಕಡೆ ತಿರುಗಿದಳು.

"ಈಗ ಏನಂದ್ರಿ ನನ್ನ? 'ನೀನು' ಅಂದ್ರಾ?"

"ಹೂಂ... ಬಾಯಿಗೆ ಬಂದ್ಬಿಡ್ತು. ಬೇಡ್ವಾ?"

ಡೆಲ್ಫಿನಾ ಅವನ ಭುಜಕ್ಕೆ ಹಣೆ ಆನಿಸಿ ಕಣ್ಣು ಮುಚ್ಚಿದಳು.

"ಇನ್ನೊಂದು ಸಲ ಹೇಳು," ಎಂದಳು.